ಓದುಗರ ಪ್ರಶ್ನೆ: ಮಂಜಿನ ಫೋಟೊಗೆ ವಿನ್ಯೆಟ್ ಹಾಕಿದರೆ ಮಸಿಯಾಗುವುದೇಕೆ?

ಪ್ರಶ್ನೆ: ಕುಂದಾದ್ರಿಯ ಮೇಲಿಂದ ಬೆಳಗಿನ ಮಂಜಿನ ಫೋಟೊ ತೆಗೆದಿದ್ದೇನೆ. ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿ ಅಮೌಂಟ್ (ಕಪ್ಪಿನ ಪ್ರಮಾಣ) ಮೈನಸ್ 50 ಇಟ್ಟು ವಿನ್ಯೆಟ್ (ಚಿತ್ರದ ಅಂಚು, ಮೂಲೆಗಳನ್ನು ಕಪ್ಪಾಗಿಸುವುದು) ಹಾಕಿದರೆ ಮೂಲೆಯ ಮಂಜಿಗೆ ಮಸಿ ಬಳಿದಂತಾಗುತ್ತದೆ. ಆಕಾಶದಲ್ಲಿ ಉಂಗುರದಂಥ ಪಟ್ಟೆಗಳೂ ಏಳುತ್ತವೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಡಿಕೆ ತೋಟದೊಳಗಿನ ಚಿತ್ರಕ್ಕಾದರೆ ಮೈನಸ್ 50 ನಡೆದೀತು. ಅಲ್ಲಿ ಮೂಲೆಗಳು ಮೊದಲೇ ನೆರಳು. ಮಂಜಿನಲ್ಲಿ ಕಪ್ಪಿಗೆ ಅಡಗಿಕೊಳ್ಳಲು ಜಾಗವಿಲ್ಲ, ಹಾಕಿದ್ದೆಲ್ಲ ಎದ್ದು ಕಾಣುತ್ತದೆ.

ಮೊದಲು ಲೆನ್ಸ್ ಕರೆಕ್ಷನ್‌ನಲ್ಲಿ ಪ್ರೊಫೈಲ್ ಕರೆಕ್ಷನ್‌ಗೆ ಟಿಕ್ ಹಾಕಿ. ಲೆನ್ಸಿನ ಬೆಳಕಿನ ಕಿಂಡಿಯಾದ ಅಪರ್ಚರ್ ಪೂರ್ತಿ ತೆರೆದು ತೆಗೆದ ಚಿತ್ರದಲ್ಲಿ ಲೆನ್ಸೇ ಮೂಲೆಗಳನ್ನು ಮಂಕಾಗಿಸಿರುತ್ತದೆ. ಅದರ ಮೇಲೆ ನೀವೂ ಹಾಕಿದರೆ ಎರಡು ಪಟ್ಟು. ಆಮೇಲೆ ಎಫೆಕ್ಟ್ಸ್ ಪ್ಯಾನೆಲ್‌ಗೆ ಬಂದು ಸ್ಟೈಲ್ ಯಾವುದಿದೆ ನೋಡಿ. ಪೇಂಟ್ ಓವರ್‌ಲೇ ಇದ್ದರೆ ಮಸಿಯ ಮೂಲ ಅದೇ: ಅದು ಚಿತ್ರದ ಮೇಲೆ ಬರೀ ಕಪ್ಪನ್ನು ಬೆರೆಸುತ್ತದೆ. ಹೈಲೈಟ್ ಪ್ರಯಾರಿಟಿಗೆ ಬದಲಿಸಿ. ಬೆಳಗಿನ ಹೊಂಬಣ್ಣ ಅಂಚಿನಲ್ಲಿ ಕೆಟ್ಟರೆ ಕಲರ್ ಪ್ರಯಾರಿಟಿ ಆಗಬಹುದು.

ಈಗ ಅಂಚನ್ನು ಮೃದುವಾಗಿಸುವ ಫೆದರ್ ಅನ್ನು ಸೊನ್ನೆಗೆ ಇಳಿಸಿ. ಅಂಡಾಕಾರದ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬೆಟ್ಟದ ಮೇಲಿನ ಬಸದಿ ಚಿತ್ರದಲ್ಲಿದ್ದರೆ ಅದು ಗೆರೆಯೊಳಗೆ ಪೂರ್ತಿ ಬರುವಂತೆ, ಗೆರೆಯನ್ನು ಹಿಗ್ಗಿಸಿ ಕುಗ್ಗಿಸುವ ಮಿಡ್‌ಪಾಯಿಂಟ್ ಸರಿಸಿ, ನಂತರ ಫೆದರ್ 80ರಿಂದ 90ಕ್ಕೆ ಏರಿಸಿ. ಅಮೌಂಟ್ ಮೈನಸ್ 12ರಿಂದ 18 ಸಾಕು. ಪಕ್ಕದಲ್ಲೇ ಇರುವ ಹೈಲೈಟ್ಸ್ ಸ್ಲೈಡರ್ ಅನ್ನು 40ರ ಆಸುಪಾಸಿಗೆ ತಂದರೆ ಅಂಚಿನ ಹೊಳೆಯುವ ಮೋಡ ಬೂದಿಯಾಗುವುದಿಲ್ಲ. ಪೇಂಟ್ ಓವರ್‌ಲೇಯಲ್ಲಿ ಮಾತ್ರ ಈ ಸ್ಲೈಡರ್ ಕೆಲಸ ಮಾಡದು.

ಪಟ್ಟೆಗಳ ಕಾರಣ ಬೇರೆ. ಜೆಪೆಗ್ ಫೈಲ್‌ನಲ್ಲಿ ಒಂದೊಂದು ಬಣ್ಣಕ್ಕೆ ಇರುವುದು 256 ಮೆಟ್ಟಿಲು. ನಯವಾದ ಆಕಾಶದಲ್ಲಿ ಬೆಳಕು ನಿಧಾನಕ್ಕೆ ಇಳಿಯುವಾಗ ಒಂದೊಂದು ಮೆಟ್ಟಿಲೂ ಅಗಲವಾಗಿ ಹರಡಿ ಕಣ್ಣಿಗೆ ಬೀಳುತ್ತದೆ. ಹೆಚ್ಚು ಮೆಟ್ಟಿಲುಗಳಿರುವ, ಕ್ಯಾಮೆರಾದ ಮೂಲ ಕಡತವಾದ ರಾ ಫೈಲ್‌ನಿಂದಲೇ ಕೆಲಸ ಮಾಡಿ, ಗ್ರೇನ್ 10ರಿಂದ 15 ಸೇರಿಸಿ. ಆ ಸಣ್ಣ ಕಾಳು ಮೆಟ್ಟಿಲುಗಳನ್ನು ಮರೆಸುತ್ತದೆ. ಎಕ್ಸ್‌ಪೋರ್ಟ್ ಗುಣಮಟ್ಟ 90ಕ್ಕಿಂತ ಕೆಳಗೆ ಬೇಡ. ಇಷ್ಟಾದ ಮೇಲೂ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಪಟ್ಟೆ ಮರಳಿ ಬರಬಹುದು. ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರಶ್ನೆ: ಅಡಿಕೆ ಸುಲಿಯುತ್ತಿರುವ ಅಜ್ಜಿ ಚಿತ್ರದ ಎಡತುದಿಯಲ್ಲಿದ್ದಾರೆ. ವಿನ್ಯೆಟ್ ಹಾಕಿದರೆ ಅವರ ಮುಖವೇ ಕಪ್ಪಾಗುತ್ತದೆ.
– ಓದುಗರು, ಸಾಗರ

ಉತ್ತರ: ಲೈಟ್‌ರೂಮ್‌ನ ವಿನ್ಯೆಟ್ ಯಾವಾಗಲೂ ಚಿತ್ರದ ನಡುವಿನಿಂದಲೇ ಅಳೆಯುತ್ತದೆ, ಸರಿಸಲು ಬಾರದು. ಅದನ್ನು ಬಿಟ್ಟು ಮಾಸ್ಕಿಂಗ್‌ನಲ್ಲಿ ರೇಡಿಯಲ್ ಗ್ರೇಡಿಯೆಂಟ್ ತೆಗೆದುಕೊಳ್ಳಿ. ಅಜ್ಜಿಯ ಮುಖ, ಕೈ, ಮೆಟ್ಟುಗತ್ತಿ ಮೂರೂ ಒಳಗೆ ಬರುವಂತೆ ಎಳೆದು, ಬದಲಾವಣೆ ಹೊರಭಾಗಕ್ಕೆ ಮಾತ್ರ ತಾಗುವಂತೆ ಇನ್ವರ್ಟ್ ಮಾಡಿ, ಎಕ್ಸ್‌ಪೋಶರ್ ಮೈನಸ್ 0.5 ಇಡಿ. ಮೊಬೈಲಿನಲ್ಲಾದರೆ ಸ್ನ್ಯಾಪ್‌ಸೀಡ್‌ನ ವಿನ್ಯೆಟ್‌ನಲ್ಲಿ ನೀಲಿ ಚುಕ್ಕೆಯನ್ನು ಮುಖದ ಮೇಲೆ ಎಳೆದಿಟ್ಟು, ಎರಡು ಬೆರಳಲ್ಲಿ ವೃತ್ತ ಹಿಗ್ಗಿಸಿ. ಔಟರ್ ಬ್ರೈಟ್‌ನೆಸ್ ಮಾತ್ರ ಇಳಿಸಿ, ಇನ್ನರ್ ಮುಟ್ಟಬೇಡಿ. ಅದನ್ನು ಏರಿಸಿದರೆ ಮುಖದ ಸುಕ್ಕುಗಳೆಲ್ಲ ತೇಲಿಹೋಗುತ್ತವೆ. ಪ್ರಿಂಟ್ ಹಾಕಿಸುವುದಿದ್ದರೆ ಕತ್ತಲೆಯನ್ನು ಇನ್ನೂ ಸ್ವಲ್ಪ ಕಡಿಮೆ ಮಾಡಿ, ಕಾಗದ ಮೊಬೈಲ್ ಪರದೆಯಷ್ಟು ಬೆಳಗುವುದಿಲ್ಲ.