ತಪ್ಪು ಅಂತ ಗೊತ್ತಿದ್ದೂ ಅದನ್ನೇ ಆರಿಸಿಕೊಳ್ಳುವುದು ಯಾಕೆ?

ನೀವು ಕೇಳಿರುವುದು ಎರಡು ವಿಷಯ. ಮಿದುಳಿನ ಮುಂಭಾಗವಾದ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಲಸ ಭಾವನೆಯನ್ನು ಹತ್ತಿಕ್ಕುವುದಾದರೆ, ಭಾವನೆ ಕಡಿಮೆಯಾದಷ್ಟೂ ನಿರ್ಧಾರ ಚೆನ್ನಾಗಿರಬೇಕಲ್ಲ? ಮತ್ತೆ, ತಪ್ಪು ಅಂತ ಗೊತ್ತಿದ್ದೂ ಅದನ್ನೇ ಯಾಕೆ ಮಾಡುತ್ತೇವೆ?

ಮೊದಲನೆಯದಕ್ಕೆ ಉತ್ತರ: ಇಲ್ಲ, ಬಹುಮಟ್ಟಿಗೆ ಅದರ ತದ್ವಿರುದ್ಧ. ಹಣೆಯ ಹಿಂದಿರುವ ಈ ಭಾಗದಲ್ಲಿ ಹಲವು ವಲಯಗಳಿವೆ. ಮೇಲೆ ಪಕ್ಕಕ್ಕಿರುವ ಡಾರ್ಸೋಲ್ಯಾಟರಲ್ ವಲಯ ಮಾಹಿತಿಯನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಡುತ್ತದೆ. ಕಣ್ಣುಗುಳಿಗಳ ಮೇಲಿರುವ ಆರ್ಬಿಟೋಫ್ರಂಟಲ್ ಮತ್ತು ನಟ್ಟನಡುವೆ ಕೆಳಗಿರುವ ವೆಂಟ್ರೋಮೀಡಿಯಲ್ ವಲಯಗಳು ಪ್ರತಿಯೊಂದು ಆಯ್ಕೆಗೂ 'ಇದು ನನಗೆ ಎಷ್ಟು ಮುಖ್ಯ' ಎಂಬ ಬೆಲೆ ಕಟ್ಟುತ್ತವೆ. ಆ ಬೆಲೆಯ ಕಚ್ಚಾವಸ್ತುವೇ ಭಾವನೆ.

ಇದನ್ನು ತೋರಿಸಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 1994ರಲ್ಲಿ ಅಮೆರಿಕದ ಅಯೋವಾದಲ್ಲಿ ನರವಿಜ್ಞಾನಿಗಳಾದ ಬೆಷಾರಾ, ಡಮಾಸಿಯೋ ಮತ್ತು ಸಂಗಡಿಗರು ನಾಲ್ಕು ಕಟ್ಟು ಕಾರ್ಡ್ ಇಟ್ಟು ಒಂದು ಆಟ ಆಡಿಸಿದರು. ಎರಡು ಕಟ್ಟುಗಳಲ್ಲಿ ಪ್ರತಿ ಕಾರ್ಡಿಗೂ 100 ಡಾಲರ್ ನಕಲಿ ದುಡ್ಡು ಸಿಗುತ್ತದೆ, ಆದರೆ ಹತ್ತು ಕಾರ್ಡ್ ಎಳೆಯುವಷ್ಟರಲ್ಲಿ ದಂಡ ಒಟ್ಟು 1250. ಉಳಿದ ಎರಡರಲ್ಲಿ ಸಿಗುವುದು 50, ದಂಡ 250. ಅಂದರೆ ಹತ್ತು ಕಾರ್ಡಿಗೆ ಒಂದು ಕಡೆ 250 ನಷ್ಟ, ಇನ್ನೊಂದು ಕಡೆ 250 ಲಾಭ. ಆಡುವವರಿಗೆ ಈ ಲೆಕ್ಕ ಹೇಳುವುದಿಲ್ಲ. ಸಾಮಾನ್ಯವಾಗಿ ಜನ ನಿಧಾನಕ್ಕೆ ಲಾಭದ ಕಟ್ಟಿಗೆ ಹೊರಳುತ್ತಾರೆ. ನಷ್ಟದ ಕಟ್ಟಿಗೆ ಕೈ ಚಾಚುವ ಮುಂಚೆಯೇ ಅವರ ಅಂಗೈ ಸಣ್ಣಗೆ ಬೆವರುವುದನ್ನು ಉಪಕರಣ ದಾಖಲಿಸುತ್ತದೆ. ವೆಂಟ್ರೋಮೀಡಿಯಲ್ ವಲಯಕ್ಕೆ ಹಾನಿಯಾದವರಿಗೆ ದುಡ್ಡು ಹೋದ ಮೇಲೆ ಬೆವರುತ್ತದೆ, ಆರಿಸುವ ಮುಂಚೆ ಬೆವರುವುದಿಲ್ಲ. ಅವರಲ್ಲಿ ಕೆಲವರು 'ಈ ಕಟ್ಟು ಕೆಟ್ಟದ್ದು' ಅಂತ ಬಾಯಲ್ಲಿ ಸರಿಯಾಗಿಯೇ ಹೇಳುತ್ತಾರೆ, ಆಮೇಲೂ ಅದರಿಂದಲೇ ಎಳೆಯುತ್ತಾರೆ. ನಿಮ್ಮ ಎರಡನೆಯ ಪ್ರಶ್ನೆಯ ಬೇರು ಇಲ್ಲಿದೆ: ತಿಳಿದಿರುವುದು ಬೇರೆ, ಆ ತಿಳಿವಳಿಕೆ ಆಯ್ಕೆಯ ಹೊತ್ತಿಗೆ ತೂಕವಾಗಿ ಬಂದು ಕೂರುವುದು ಬೇರೆ.

ಆದರೆ ಬೆವರಿನ ಕತೆಯೊಂದನ್ನೇ ನೆಚ್ಚಿಕೊಳ್ಳಬೇಡಿ. ಆ ಆಟದಲ್ಲಿ ಕೆಟ್ಟ ಕಟ್ಟಿನ ಮೊದಲ ಕೆಲವು ಕಾರ್ಡ್‌ಗಳಲ್ಲಿ ಬರೀ ಗೆಲುವು, ಹೊಡೆತ ಬೀಳುವುದು ತಡವಾಗಿ. 2005ರಲ್ಲಿ ಫೆಲೋಸ್ ಮತ್ತು ಫರಾ ಎಂಬ ಸಂಶೋಧಕರು ನಷ್ಟ ಮೊದಲೇ ಕಾಣುವಂತೆ ಕಾರ್ಡ್‌ಗಳ ಕ್ರಮ ಬದಲಿಸಿದಾಗ, ಅದೇ ಬಗೆಯ ಹಾನಿ ಇದ್ದವರು ಉಳಿದವರಷ್ಟೇ ಚೆನ್ನಾಗಿ ಆಡಿದರು. ಅಂದರೆ ಕೆಟ್ಟುಹೋಗಿದ್ದು ಮುಖ್ಯವಾಗಿ ಮೊದಲು ಕಲಿತದ್ದನ್ನು ಬಿಟ್ಟು ಅದರ ವಿರುದ್ಧವಾದದ್ದನ್ನು ಕಲಿಯುವ ಶಕ್ತಿ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಉಪಯುಕ್ತ ಸಂಗತಿ ಇದು: ಮೊದಲು ಸಿಹಿಯಾಗಿದ್ದು ಆಮೇಲೆ ಕಹಿಯಾಗುವ ಅಭ್ಯಾಸಗಳನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟ.

ಭಯದ ವಿಷಯವೂ ಹೀಗೇ. ಸದ್ದಿನ ಜೊತೆ ಶಾಕ್ ಕೊಟ್ಟು ಹೆದರಿಸಿದ ಇಲಿಗೆ ಆಮೇಲೆ ಬರೀ ಸದ್ದನ್ನೇ ಮತ್ತೆ ಮತ್ತೆ ಕೇಳಿಸಿದರೆ ಹೆದರಿಕೆ ಇಳಿಯುತ್ತದೆ. ಹಳೆಯ ನೆನಪು ಅಳಿಸಿಹೋಗಿರುವುದಿಲ್ಲ. 'ಈಗ ಅಪಾಯವಿಲ್ಲ' ಎಂಬ ಹೊಸ ಪಾಠ ಸೇರಿಕೊಂಡಿರುತ್ತದೆ, ಪ್ರಿಫ್ರಂಟಲ್ ಭಾಗ ಅದನ್ನು ಬಳಸಿ, ಭಯ ಎಬ್ಬಿಸುವ ಮಿದುಳಿನ ಭಾಗವಾದ ಅಮಿಗ್ಡಲಾವನ್ನು ತಣಿಸುತ್ತದೆ. ಪಂಜರ ಬದಲಿಸಿದರೆ, ಇಲ್ಲವೇ ದಿನಗಳು ಕಳೆದರೆ, ಭಯ ಮರಳಬಹುದು. ಆದ್ದರಿಂದ ಭಯ ಬಿಡಿಸುವ ಅಭ್ಯಾಸವನ್ನು ಒಂದೇ ಕೋಣೆಯಲ್ಲಿ ಮುಗಿಸದೆ ಬೇರೆ ಬೇರೆ ಜಾಗ, ಬೇರೆ ಬೇರೆ ಹೊತ್ತಿನಲ್ಲಿ ಮಾಡಬೇಕು.

ಇನ್ನು ದಿನನಿತ್ಯಕ್ಕೆ ಬರೋಣ. ನಾರ್‌ಅಡ್ರಿನಲಿನ್ ಮತ್ತು ಡೋಪಮೈನ್ ಎಂಬ ಮಿದುಳಿನ ರಾಸಾಯನಿಕಗಳು ಹದವಾಗಿದ್ದರೆ ಪ್ರಿಫ್ರಂಟಲ್ ಭಾಗ ಚುರುಕಾಗಿರುತ್ತದೆ. ಒತ್ತಡದಲ್ಲಿ ಅವು ಮಿತಿಮೀರಿದಾಗ ಇಲ್ಲಿನ ನರಕೋಶಗಳ ಪರಸ್ಪರ ಸಂಪರ್ಕ ಸಡಿಲಗೊಂಡು, ಹಿಡಿತ ಹಳೆಯ ಅಭ್ಯಾಸದ ಕೈಗೆ ಹೋಗುತ್ತದೆ. ಸಿಟ್ಟು ನೆತ್ತಿಗೇರಿದ ಮೇಲೆ 'ಶಾಂತವಾಗಿ ಯೋಚಿಸು' ಅಂದುಕೊಂಡರೆ ಫಲ ಸಿಗದಿರುವುದು ಇದಕ್ಕೇ. ಯೋಚಿಸಬೇಕಾದ ಯಂತ್ರವೇ ಆಗ ಕುಗ್ಗಿರುತ್ತದೆ. ತಲೆ ತಣ್ಣಗಿರುವಾಗಲೇ 'ಅವರು ದನಿ ಏರಿಸಿದರೆ ನಾನು ನಾಳೆ ಉತ್ತರಿಸುತ್ತೇನೆ ಅಂತ ಹೇಳಿ ಎದ್ದುಬಿಡುತ್ತೇನೆ' ಎಂಬಂತೆ ಸನ್ನಿವೇಶ ಮತ್ತು ಕ್ರಿಯೆ ಎರಡನ್ನೂ ಜೋಡಿಸಿ ತೀರ್ಮಾನ ಮಾಡಿಡಿ. ಪರಿಸ್ಥಿತಿಯನ್ನು ಬೇರೆ ಅರ್ಥದಲ್ಲಿ ನೋಡುವ ಪ್ರಯತ್ನವನ್ನು ಸಿಟ್ಟಿನ ಮೊದಲ ಸುಳಿವಿಗೇ ಶುರು ಮಾಡಿ. ಮುಖದಲ್ಲಿ ತೋರದಂತೆ ಅದುಮಿಕೊಳ್ಳುವುದು ಅಷ್ಟು ಒಳ್ಳೆಯ ದಾರಿಯಲ್ಲ: ಒಳಗಿನ ಉದ್ರೇಕ ಇಳಿಯುವುದಿಲ್ಲ, ಎದುರಿನವರು ಹೇಳಿದ್ದೂ ಸರಿಯಾಗಿ ನೆನಪಿರುವುದಿಲ್ಲ. ಮತ್ತೊಂದು ಅಭ್ಯಾಸ, ದೊಡ್ಡ ನಿರ್ಧಾರದ ಮುಂಚೆ ಏನಾಗಬಹುದು ಎಂದು ಒಂದು ಸಾಲು ಬರೆದಿಡಿ. ಮಿದುಳು ಕಲಿಯುವುದು ಹೆಚ್ಚಾಗಿ ನಿರೀಕ್ಷೆಗೂ ಫಲಿತಾಂಶಕ್ಕೂ ಇರುವ ಅಂತರದಿಂದ. ಬರೆಯದಿದ್ದರೆ 'ನನಗೆ ಮೊದಲೇ ಗೊತ್ತಿತ್ತು' ಅಂತ ಮನಸ್ಸು ಆ ಅಂತರವನ್ನೇ ಮುಚ್ಚಿಹಾಕುತ್ತದೆ.

ತಲೆಗೆ ಪೆಟ್ಟು ಬಿದ್ದ ಮೇಲೆ ನಿಮ್ಮವರು ಯಾರಾದರೂ ಹೀಗೆ ಬದಲಾಗಿದ್ದಾರೆಂದು ಕೇಳುತ್ತಿದ್ದರೆ, ದಯವಿಟ್ಟು ಅದನ್ನು ಸೋಮಾರಿತನ ಅನ್ನಬೇಡಿ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದೂ ಬದುಕಿನ ನಿರ್ಧಾರಗಳು ಎಡವಬಹುದು. ಪರೀಕ್ಷೆಯ ಕೋಣೆ ಶಾಂತ, ಪ್ರಶ್ನೆ ಸ್ಪಷ್ಟ, ಮುಂದೇನು ಅಂತ ಹೇಳಲು ಎದುರಿಗೇ ಒಬ್ಬರಿರುತ್ತಾರೆ. ಆದ್ದರಿಂದ ನರರೋಗ ತಜ್ಞರ ಬಳಿ ಹೋಗುವಾಗ ಮನೆಯವರೇ ಎರಡು ವಾರದ ಟಿಪ್ಪಣಿ ಬರೆದುಕೊಂಡು ಹೋಗಿ: ಯಾವ ಕೆಲಸ ಅರ್ಧಕ್ಕೆ ನಿಂತಿತು, ಎಲ್ಲಿ ದುಡ್ಡು ದುಡುಕಿ ಖರ್ಚಾಯಿತು, ಯಾವ ತಪ್ಪು ಒಪ್ಪಿಕೊಂಡ ಮೇಲೂ ಮರುಕಳಿಸಿತು.