ಬ್ಯಾಂಕಾಕ್‌ಗೆ ಹೋದಾಗ ಅಲ್ಲಿನ ಫುಟ್‌ಬಾಲ್ ಮ್ಯಾಚ್ ನೋಡಬಹುದಾ?

ಐದು ಜನ ಗೆಳೆಯರು ಬ್ಯಾಂಕಾಕ್‌ಗೆ ಹೊರಟಿದ್ದೇವೆ, ಒಂದು ಸಂಜೆಯನ್ನು ಅಲ್ಲಿನ ಲೀಗ್ ಮ್ಯಾಚ್‌ಗೆ ಕೊಟ್ಟರೆ ದಂಡವಾ ಎಂದು ಕೇಳಿದ್ದೀರಿ. ದಂಡ ಅಲ್ಲ. ಆದರೆ ಯಾವ ಮೈದಾನಕ್ಕೆ ಹೋಗುತ್ತೀರಿ ಅನ್ನೋದು ಮುಖ್ಯ.

ನಾವು ಚಿಕ್ಕಮಗಳೂರಿನವರು ಹೋಗಿದ್ದು ಪೋರ್ಟ್ ಎಫ್‌ಸಿ ಎಂಬ ಕ್ಲಬ್ ತಂಡ ಆಡುವ ಪಿಎಟಿ ಸ್ಟೇಡಿಯಂಗೆ. ಕ್ಲಾಂಗ್ ತೋಯಿ ಎಂಬ ಬಂದರಿನ ಏರಿಯಾದಲ್ಲಿದೆ. 1967ರಲ್ಲಿ ಬಂದರು ಇಲಾಖೆಯವರೇ ಕಟ್ಟಿದ ತಂಡ ಇದು. ಸ್ಟೇಡಿಯಂ ಚಿಕ್ಕದು, ಹತ್ತು ಸಾವಿರ ಜನಕ್ಕೂ ಜಾಗವಿಲ್ಲ. ಅದೇ ಅದರ ಗಮ್ಮತ್ತು. ಬೆಂಗಳೂರಿನ ಕಂಠೀರವದಲ್ಲಿ ಮ್ಯಾಚ್ ನೋಡಿದ್ದರೆ ಗೊತ್ತಿರುತ್ತದೆ, ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಆಟಗಾರರು ಎಲ್ಲೋ ದೂರದಲ್ಲಿ ಓಡಾಡುತ್ತಿರುತ್ತಾರೆ. ಇಲ್ಲಿ ಟ್ರ್ಯಾಕೇ ಇಲ್ಲ. ಮುಂದಿನ ಸಾಲು ಸಿಕ್ಕರೆ ಥ್ರೋ ಹಾಕಲು ಬಂದವನ ಏದುಸಿರೂ ಕೇಳಿಸುತ್ತದೆ. ಬ್ಯಾಂಕಾಕ್‌ನ ದೊಡ್ಡ ಸ್ಟೇಡಿಯಂ ರಾಜಮಂಗಲ. ಅಲ್ಲೂ ಟ್ರ್ಯಾಕ್ ಇದೆ, ದೂರವೂ ಹೌದು. ದೇಶದ ತಂಡ ಆಡುವ ದಿನವಾದರೆ ಬೇರೆ ಮಾತು.

ಮೊದಲು ತಾರೀಖು ನೋಡಿಕೊಳ್ಳಿ. ಥಾಯ್ ಲೀಗ್ ಸಾಮಾನ್ಯವಾಗಿ ಆಗಸ್ಟ್‌ನಿಂದ ಮೇವರೆಗೆ ನಡೆಯುತ್ತದೆ. ಜೂನ್, ಜುಲೈನಲ್ಲಿ ಹೋದರೆ ಖಾಲಿ ಮೈದಾನ ನೋಡಬೇಕು ಅಷ್ಟೇ. ಹೆಚ್ಚಿನ ಮ್ಯಾಚ್‌ಗಳು ವಾರದ ಕೊನೆಗೆ, ಸಂಜೆ ಹೊತ್ತಿಗೆ. ಟಿಕೆಟ್ ನಮ್ಮಲ್ಲಿ ಸಿನಿಮಾ ನೋಡುವ ದುಡ್ಡಿನಲ್ಲಿ ಆಯಿತು. ಮುವಾಂಗ್‌ಥಾಂಗ್ ಯುನೈಟೆಡ್ ಎಂಬ ಎದುರಾಳಿ ತಂಡ ಬರುವ ದಿನ ಮಾತ್ರ ಮೊದಲೇ ತೆಗೆದುಕೊಳ್ಳಿ. ಎರಡೂ ಕಡೆಯವರಿಗೆ ಹಳೆಯ ಜಿದ್ದು.

ಹೋಗೋದು ಸುಲಭ. ಎಂಆರ್‌ಟಿ ಮೆಟ್ರೋದ ನೀಲಿ ಲೈನಿನಲ್ಲಿ ಕ್ಲಾಂಗ್ ತೋಯಿ ಸ್ಟೇಷನ್‌ಗೆ ಇಳಿದು, ಕಿತ್ತಳೆ ಜಾಕೆಟ್ ಹಾಕಿದ ಬೈಕ್ ಟ್ಯಾಕ್ಸಿಯವರಿಗೆ ಪಿಎಟಿ ಎಂದರೆ ಸಾಕು. ಟ್ಯಾಕ್ಸಿ ಕಾರು ಬೇಡ, ಆ ಟ್ರಾಫಿಕ್‌ನಲ್ಲಿ ಮೊದಲ ಗೋಲು ರಸ್ತೆಯಲ್ಲೇ ಮುಗಿದುಹೋಗುತ್ತದೆ. ಸಂಜೆ ಆರಕ್ಕೆ ಸ್ಟೇಷನ್ನಿನಲ್ಲಿ ರಾಷ್ಟ್ರಗೀತೆ ಹಾಕುತ್ತಾರೆ. ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ.

ಒಂದು ಗಂಟೆ ಮೊದಲೇ ತಲುಪಿ. ನಿಜವಾದ ಮಜಾ ಗೇಟಿನ ಹೊರಗಿದೆ. ಕಿತ್ತಳೆ, ನೀಲಿ ಅಂಗಿಗಳ ರಾಶಿ, ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಹಂದಿ ಮಾಂಸ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ನಮ್ಮ ಕಡೆ ಹಂದಿ ಸಾರು ತಿಂದು ಬೆಳೆದವರಿಗೆ ತೊಂದರೆಯೇ ಇಲ್ಲ. ಗುಂಪಿನಲ್ಲಿ ಸಸ್ಯಾಹಾರಿ ಇದ್ದರೆ 'ಜೇ' ಎಂದು ಕೇಳಲಿ, ಹಳದಿ ಬಾವುಟದ ಅಂಗಡಿ ಹುಡುಕಲಿ. ಸಿಗದಿದ್ದರೆ ಹೋಟೆಲಿನಲ್ಲೇ ತಿಂದು ಬರೋದು ವಾಸಿ. ನಮ್ಮವನೊಬ್ಬ ಬರೀ ಹಣ್ಣು ತಿಂದುಕೊಂಡು ಎರಡನೇ ಹಾಫ್ ಪೂರ್ತಿ ದೋಸೆ ಮಾತಾಡಿದ.

ಆಟದ ಮಟ್ಟ? ಟೀವಿಯಲ್ಲಿ ಪ್ರೀಮಿಯರ್ ಲೀಗ್ ನೋಡಿದ ಕಣ್ಣಿಗೆ ಪಾಸುಗಳು ಸ್ವಲ್ಪ ನಿಧಾನ ಅನ್ನಿಸಬಹುದು. ಆದರೆ ಫುಟ್‌ಬಾಲ್‌ನಲ್ಲಿ ಇಂಡಿಯಾದವರನ್ನು ಥಾಯ್ ಜನ ಸಣ್ಣವರೆಂದು ನೋಡುವುದರಲ್ಲೂ ಅರ್ಥವಿದೆ, ಅಲ್ಲಿನ ಲೀಗ್ ಗಟ್ಟಿ ಇದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಇಂಡಿಯಾ ಅಂದ ಕೂಡಲೇ ಬ್ಯಾಟ್ ಬೀಸಿ ತೋರಿಸಿದರು. ನಮ್ಮ ಗೆಳೆಯ ಬಿಡಲಿಲ್ಲ, ಫೋನ್ ತೆಗೆದು 2019ರ ಏಷ್ಯನ್ ಕಪ್‌ನಲ್ಲಿ ನಾವು ಥಾಯ್ಲೆಂಡನ್ನು 4-1ರಲ್ಲಿ ಸೋಲಿಸಿದ್ದು, ಸುನಿಲ್ ಛೆಟ್ರಿ ಎರಡು ಗೋಲು ಹೊಡೆದಿದ್ದು ತೋರಿಸಿದ. ಅವರು ನಕ್ಕು, ತಮ್ಮ ಫೋನ್ ತೆಗೆದು 2025ರ ಜೂನ್‌ನಲ್ಲಿ ಅವರು ನಮ್ಮನ್ನು 2-0ಯಿಂದ ಸೋಲಿಸಿದ್ದು ತೋರಿಸಿದರು. ಆಮೇಲೆ ಇಬ್ಬರೂ ಸೇರಿ ರೆಫ್ರಿಗೆ ಬೈಯುತ್ತಿದ್ದರು, ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲ. ದೇವಸ್ಥಾನ, ದೋಣಿ, ಮಾಲ್ ಎಲ್ಲ ಸುತ್ತಿದ್ದೆವು. ಅಲ್ಲೆಲ್ಲ ನಮ್ಮ ಜೊತೆ ಮಾತಾಡಿದವರು ಏನಾದರೂ ಮಾರುವವರೇ. ಇಲ್ಲಿ ಯಾರಿಗೂ ನಮ್ಮಿಂದ ಏನೂ ಬೇಕಿರಲಿಲ್ಲ.

ಇನ್ನೊಂದು ಮಾತು, ಐವರನ್ನೂ ಎಳೆದುಕೊಂಡು ಹೋಗಬೇಡಿ. "ಎಂಥದು ಮಾರಾಯ, ಇಷ್ಟು ದೂರ ಬಂದು ಫುಟ್‌ಬಾಲಾ" ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಅವನನ್ನು ನೈಟ್ ಮಾರ್ಕೆಟ್‌ಗೆ ಕಳಿಸಿ. ತೊಂಬತ್ತು ನಿಮಿಷ ಅವನ ಆಕಳಿಕೆ ನೋಡೋದಕ್ಕಿಂತ ಅದು ಒಳ್ಳೆಯದು. ಬ್ಯಾಂಕಾಕ್ ಅಂದ ಕೂಡಲೇ ಹುಬ್ಬೇರಿಸುವ ಮನೆಯವರಿಗೆ ಕಳಿಸಲು ಸ್ಟೇಡಿಯಂ ಫೋಟೋ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ, ಅದು ಬೇರೆ.

ನೀವು ಇರುವ ವಾರ ಪೋರ್ಟ್ ಬೇರೆ ಊರಿನಲ್ಲಿ ಆಡುತ್ತಿದ್ದರೆ, ನೊಂತಬುರಿಯಲ್ಲಿರುವ ಮುವಾಂಗ್‌ಥಾಂಗ್‌ನ ಥಂಡರ್‌ಡೋಮ್ ನೋಡಿ. ಸ್ವಲ್ಪ ದೂರ, ಆದರೆ ಅಲ್ಲೂ ಪ್ರೇಕ್ಷಕರು ಮೈದಾನಕ್ಕೆ ಹತ್ತಿರವೇ. ಅಲ್ಲಿ ಬಣ್ಣ ಕೆಂಪು. ಪೋರ್ಟ್‌ನ ಕಿತ್ತಳೆ ಅಂಗಿ ಕೊಂಡಿದ್ದರೆ ಆವತ್ತು ಬ್ಯಾಗಿನಲ್ಲೇ ಇರಲಿ.