ಕೃತಕ ಬುದ್ಧಿಮತ್ತೆ ಬಂದ ಮೇಲೆ ಯಹೂದಿಗಳಿಗೆ ಅವರ ಧರ್ಮಗುರುಗಳಾದ ರಬ್ಬಿಗಳ ಅಗತ್ಯ ಇರುತ್ತದೆಯೇ?

ಖಂಡಿತ ಇರುತ್ತದೆ. ಓದಿಗೆ ದೊಡ್ಡ ಆಸರೆ ಸಿಕ್ಕಿರುವುದು ನಿಜ: ಸ್ವರಚಿಹ್ನೆಗಳಿಲ್ಲದ ಹೀಬ್ರೂ ಪಠ್ಯಕ್ಕೆ ಇಸ್ರೇಲಿನ ಡಿಕ್ಟಾ ಸಂಸ್ಥೆಯ ತಂತ್ರಾಂಶ ಅವನ್ನು ತಾನೇ ಹಾಕಿಕೊಡುತ್ತದೆ.

ಆದರೆ ಯಹೂದಿಗಳ ಪವಿತ್ರ ಗ್ರಂಥವಾದ ತೋರಾದ ಸುರುಳಿಯನ್ನೇ ನೋಡಿ. ಚರ್ಮದ ಹಾಳೆಯ ಮೇಲೆ ಕೈಯಿಂದಲೇ ಬರೆದ 3,04,805 ಅಕ್ಷರಗಳು. ಒಂದು ಬಿಟ್ಟುಹೋದರೂ ಸುರುಳಿ ವಿಧಿಗೆ ಸಲ್ಲದು. ಬಿಟ್ಟುಹೋದ, ಎರಡು ಸಲ ಬಿದ್ದ ಅಕ್ಷರಗಳನ್ನು ಹುಡುಕಲು ಈಗ ಕಂಪ್ಯೂಟರ್ ಇದೆ, ಬಹಳ ಒಳ್ಳೆಯದು. ಅಕ್ಷರದ ಆಕಾರದ ಬಗ್ಗೆಯೇ ಅನುಮಾನ ಬಂದರೆ? ಯಹೂದಿ ಧರ್ಮನಿಯಮಗಳ ಪ್ರಾಚೀನ ಗ್ರಂಥವಾದ ತಾಲ್ಮುಡ್ ಹೇಳುವಂತೆ, ಅತಿ ಜಾಣನೂ ಅಲ್ಲದ, ದಡ್ಡನೂ ಅಲ್ಲದ ಮಗುವನ್ನು ಕರೆದು ‘ಇದು ಯಾವ ಅಕ್ಷರ?’ ಎಂದು ಕೇಳುತ್ತಾರೆ. ಮಗು ಸರಿಯಾಗಿ ಓದಿದರೆ ಅಕ್ಷರ ಉಳಿಯಿತು. ಆ ಮಗುವಿನ ಜಾಗದಲ್ಲಿ ಯಂತ್ರವನ್ನು ಕೂರಿಸಲು ನನ್ನ ಮನಸ್ಸಂತೂ ಒಪ್ಪುವುದಿಲ್ಲ.

ಇನ್ನು ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ಮೊಬೈಲ್ ಮುಟ್ಟದ ಮನೆಗಳಲ್ಲಿ ಸಂದೇಹ ಹುಟ್ಟಿದರೆ, ರಬ್ಬಿಯ ಮನೆಗೆ ನಡೆದೇ ಹೋಗಬೇಕು.